ಸೋಗಾನೆಯ ರನ್‌ವೇ, ಗುಡವಿಯ ಮಳೆಗಾಲ

ಸೊರಬ ತಾಲ್ಲೂಕಿನ ಗುಡವಿಯಲ್ಲಿ ಪ್ರವಾಸದ ಋತು ಆರಂಭವಾಗುವುದು ಮಳೆಯೊಂದಿಗೆ. ಜೂನ್‌ನಲ್ಲಿ ಮುಂಗಾರು ಹಿಡಿದು ಕೆರೆ ತುಂಬತೊಡಗಿದಂತೆ ಬಿಳಿ ಕೆಂಬರಲು, ಚಮಚದ ಕೊಕ್ಕು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳು ನೀರಿನಲ್ಲಿ ನಿಂತ ಮರಗಳ ಮೇಲೆ ಗೂಡು ಕಟ್ಟುತ್ತವೆ. ಮರಿಗಳು ರೆಕ್ಕೆ ಬಲಿತು ಹಾರುವ ಹೊತ್ತಿಗೆ ದೀಪಾವಳಿ ಕಳೆದಿರುತ್ತದೆ. ಬೇಸಿಗೆಯಲ್ಲಿ ಅಲ್ಲಿಗೆ ಹೋದವರಿಗೆ ಕಾಣುವುದು ಬತ್ತುತ್ತಿರುವ ಕೆರೆ ಮತ್ತು ಖಾಲಿ ಗೂಡುಗಳು. ಒಂದು ಚದರ ಕಿಲೋಮೀಟರೂ ಇಲ್ಲದ, ಕೇವಲ 0.74 ಚದರ ಕಿಲೋಮೀಟರಿನ ಈ ಪುಟ್ಟ ಪಕ್ಷಿಧಾಮದ ಹೆಸರು ಕಳೆದ ಕೆಲವು ವರ್ಷಗಳಿಂದ ಒಂದು ದೊಡ್ಡ ಯೋಜನೆಯ ಸಮರ್ಥನೆಗೆ ಬಳಕೆಯಾಗುತ್ತಿದೆ. ಶಿವಮೊಗ್ಗದ ಸೋಗಾನೆಯಲ್ಲಿ ಸುಮಾರು 450 ಕೋಟಿ ರೂಪಾಯಿ ವೆಚ್ಚದಲ್ಲಿ ತಲೆಯೆತ್ತಿದ ವಿಮಾನ ನಿಲ್ದಾಣದಿಂದ ಯಾರಿಗೆ ಪ್ರಯೋಜನ ಎಂದು ಕೇಳಿದಾಗಲೆಲ್ಲ ಜೋಗ, ಬನವಾಸಿ, ಬಳ್ಳಿಗಾವಿ, ಕೆಳದಿಗಳ ಸಾಲಿನಲ್ಲಿ ಗುಡವಿಯೂ ಬಂದು ನಿಲ್ಲುತ್ತದೆ.

ಸಮರ್ಥನೆಯಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಮಾತಿಗಷ್ಟೇ ಬಿಡದೆ ಗಂಭೀರವಾಗಿ ತೆಗೆದುಕೊಂಡರೆ ಒಂದು ಸರಳ ಪ್ರಶ್ನೆ ಎದುರಾಗುತ್ತದೆ. ಗುಡವಿಯಲ್ಲಿ ಹಕ್ಕಿಗಳಿರುವುದು, ಜೋಗದಲ್ಲಿ ಶರಾವತಿ ಮೈದುಂಬಿ ಧುಮುಕುವುದು ಮಳೆಗಾಲದಲ್ಲಿ. ಸಣ್ಣ ವಿಮಾನ ನಿಲ್ದಾಣವೊಂದರಲ್ಲಿ ವಿಮಾನ ಇಳಿಯುವುದು ಅತ್ಯಂತ ಅನಿಶ್ಚಿತವಾಗಿರುವುದೂ ಅದೇ ಮಳೆಗಾಲದಲ್ಲಿ. ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ ಹಾಸಲು ಹಣ ಹೊಂದಿಸಿದ ನಾವು, ಮೋಡ ಕವಿದ ದಿನ ಆ ರನ್‌ವೇ ಮೇಲೆ ವಿಮಾನವನ್ನು ನಂಬಿಕೆಯಿಂದ ಇಳಿಸುವ ವ್ಯವಸ್ಥೆಗೆ ಅಷ್ಟೇ ಆಸಕ್ತಿ ತೋರಿದ್ದೇವೆಯೇ?

ಶಿವಮೊಗ್ಗದ ವಿಮಾನ ನಿಲ್ದಾಣದ ಕಥೆ ಹೊಸದಲ್ಲ. ಬಿ.ಎಸ್. ಯಡಿಯೂರಪ್ಪನವರು ಮೊದಲ ಬಾರಿ ಪೂರ್ಣ ಪ್ರಮಾಣದ ಮುಖ್ಯಮಂತ್ರಿಯಾದ 2008ರಲ್ಲೇ ಶಿವಮೊಗ್ಗ ಮತ್ತು ಗುಲ್ಬರ್ಗದ ನಿಲ್ದಾಣಗಳಿಗೆ ಶಂಕುಸ್ಥಾಪನೆಯಾಗಿತ್ತು. ಅದು ಖಾಸಗಿ ಸಹಭಾಗಿತ್ವವೇ ಎಲ್ಲದಕ್ಕೂ ಮದ್ದು ಎಂದು ಸರ್ಕಾರಗಳು ನಂಬಿದ್ದ ಕಾಲ. ಅದೇ ವರ್ಷದ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿತ್ತು. ಅಲ್ಲಿ ಸಾಧ್ಯವಾದದ್ದು ಇಲ್ಲೇಕೆ ಆಗಬಾರದೆಂಬ ಉಮೇದು ಸಹಜವಾಗಿತ್ತು. ಆದರೆ ಈ ಎರಡು ನಿಲ್ದಾಣಗಳ ಗುತ್ತಿಗೆ ಪಡೆದ ಕೂಟದಲ್ಲಿ ಪ್ರಮುಖ ಪಾಲುದಾರನಾಗಿದ್ದುದು ಮೇಟಾಸ್ ಸಂಸ್ಥೆ. 2009ರ ಜನವರಿಯಲ್ಲಿ ಸತ್ಯಂ ಹಗರಣ ಸ್ಫೋಟಗೊಂಡಾಗ ಅದರ ಬಿಸಿ ಹೈದರಾಬಾದಿನಿಂದ ಸೋಗಾನೆಯ ತನಕ ತಟ್ಟಿತು. ವರ್ಷಗಟ್ಟಲೆ ಕಾಮಗಾರಿ ನೆನೆಗುದಿಗೆ ಬಿತ್ತು. ಸರ್ಕಾರಗಳು ಬದಲಾದವು, ಗಡುವುಗಳು ಬದಲಾದವು, ಕೊನೆಗೆ ಒಪ್ಪಂದವೇ ರದ್ದಾಯಿತು.

ಕಲಬುರಗಿ 2019ರ ನವೆಂಬರ್ 22ರಂದು ವಿಮಾನ ಕಂಡಿತು. ಶಿವಮೊಗ್ಗದಲ್ಲಿ ಕೆಲಸ ಮತ್ತೆ ಆರಂಭವಾದದ್ದು 2020ರಲ್ಲಿ, ಈ ಬಾರಿ ಸಂಪೂರ್ಣವಾಗಿ ರಾಜ್ಯ ಸರ್ಕಾರದ ಹಣದಲ್ಲಿ. ಮೊದಲು ಯೋಚಿಸಿದ್ದು ಎಪ್ಪತ್ತು ಆಸನಗಳ ಎಟಿಆರ್ ವಿಮಾನಗಳಿಗೆ ತಕ್ಕ ಸಾಧಾರಣ ನಿಲ್ದಾಣ. ಬಳಿಕ ಏರ್‌ಬಸ್ 320 ಇಳಿಯುವಂತಾಗಲಿ ಎಂದು ರನ್‌ವೇ ಉದ್ದವಾಯಿತು, ವೆಚ್ಚವೂ ಹಿಗ್ಗಿ ಮೂಲ ಅಂದಾಜಿನ ಎರಡು ಪಟ್ಟಿನ ಆಸುಪಾಸಿಗೆ ಬಂತು. 2023ರ ಫೆಬ್ರುವರಿ 27ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ತಮ್ಮ ಹೆಸರು ಬೇಡವೆಂದು ಯಡಿಯೂರಪ್ಪನವರು ನಿರಾಕರಿಸಿದ ಮೇಲೆ ರಾಷ್ಟ್ರಕವಿ ಕುವೆಂಪು ಹೆಸರು ಬಂತು. ಈ ಆಯ್ಕೆಗೆ ಯಾರದೂ ತಕರಾರಿರಲಿಲ್ಲ. ಮೇಲಿನಿಂದ ನೋಡಿದರೆ ಟರ್ಮಿನಲ್ ಕಟ್ಟಡ ಕಮಲದಂತೆ ಕಾಣುತ್ತದೆ ಎಂಬುದರ ಬಗ್ಗೆ ಮಾತ್ರ ವಾರಗಟ್ಟಲೆ ವಾಗ್ವಾದ ನಡೆಯಿತು. ಆ ಟರ್ಮಿನಲ್ಲಿಗೆ ದಿನಕ್ಕೆ ಎಷ್ಟು ವಿಮಾನ ಬರುತ್ತದೆ, ಯಾವ ಹೊತ್ತಿಗೆ ಬರುತ್ತದೆ ಎಂಬ ಬಗ್ಗೆ ಅದರ ಕಾಲುಭಾಗದಷ್ಟು ಚರ್ಚೆಯೂ ನಡೆಯಲಿಲ್ಲ.

ಉದ್ಘಾಟನೆಯಾಗಿ ಆರು ತಿಂಗಳ ಮೇಲೆ, ಆಗಸ್ಟ್ 31ರಂದು ಇಂಡಿಗೊ ಸಂಸ್ಥೆಯ ಮೊದಲ ವಾಣಿಜ್ಯ ವಿಮಾನ ಬೆಂಗಳೂರಿನಿಂದ ಬಂದಿಳಿಯಿತು. ಅದು ಎಟಿಆರ್. ನವೆಂಬರ್‌ನಲ್ಲಿ ಹೈದರಾಬಾದ್, ತಿರುಪತಿ, ಗೋವಾಗಳಿಗೆ ಸ್ಟಾರ್ ಏರ್ ಸೇವೆ ಆರಂಭಿಸಿತು, ಎಂಬ್ರೇಯರ್ ವಿಮಾನದಲ್ಲಿ. 2024ರ ಅಕ್ಟೋಬರ್‌ನಲ್ಲಿ ಸ್ಪೈಸ್‌ಜೆಟ್ ಬಂದಾಗಲೂ ಅದೇ ಎಪ್ಪತ್ತು ಎಂಬತ್ತು ಆಸನಗಳ ಪುಟ್ಟ ವಿಮಾನ. ದೊಡ್ಡ ವಿಮಾನಕ್ಕೆಂದು ಉದ್ದವಾಗಿಸಿದ ರನ್‌ವೇಯ ಅರ್ಧದಷ್ಟು ಸಾಕಾಗುವ ವಿಮಾನಗಳೇ ಅಲ್ಲಿ ಸೇವೆ ಆರಂಭಿಸಿದವು. ಮುಂದೆ ಸಂಚಾರ ಬೆಳೆದಾಗ ಉಪಯೋಗಕ್ಕೆ ಬರುತ್ತದೆ ಎಂಬ ವಾದವಿದೆ. ಮತ್ತೊಮ್ಮೆ ಭೂಮಿ ಹುಡುಕಿ ರನ್‌ವೇ ವಿಸ್ತರಿಸುವುದಕ್ಕಿಂತ ಮೊದಲೇ ಉದ್ದವಾಗಿ ಕಟ್ಟುವುದು ಜಾಣತನವೆಂಬುದನ್ನು ಮೈಸೂರಿನ ಉದಾಹರಣೆ ನೋಡಿದವರು ಒಪ್ಪಬೇಕು. ಮಂಡಕಳ್ಳಿಯ ಚಿಕ್ಕ ರನ್‌ವೇಗೆ ಒಂದು ಕಡೆ ರಾಷ್ಟ್ರೀಯ ಹೆದ್ದಾರಿ, ಇನ್ನೊಂದು ಕಡೆ ರೈಲು ಹಳಿ. ಅದನ್ನು ವಿಸ್ತರಿಸುವ ಮಾತು ಎಷ್ಟು ಬಜೆಟ್‌ಗಳಲ್ಲಿ ಬಂದು ಹೋಯಿತೋ ಲೆಕ್ಕವಿಲ್ಲ.

ಆದರೆ ಪ್ರಶ್ನೆ ಇರುವುದು ಉದ್ದದ್ದಲ್ಲ, ಆದ್ಯತೆಯದು. ವಿಮಾನ ನಿಲ್ದಾಣವೆಂದರೆ ಡಾಂಬರು ಮತ್ತು ಗಾಜಿನ ಕಟ್ಟಡವಷ್ಟೇ ಅಲ್ಲ. ಮೋಡ ಅಥವಾ ಮಂಜು ಕವಿದಾಗ ಪೈಲಟ್‌ಗೆ ರನ್‌ವೇಯ ನೇರವನ್ನೂ ಇಳಿಜಾರಿನ ಕೋನವನ್ನೂ ರೇಡಿಯೊ ಸಂಕೇತಗಳ ಮೂಲಕ ತೋರಿಸಿಕೊಡುವ ಐಎಲ್‌ಎಸ್ ಎಂಬ ವ್ಯವಸ್ಥೆಯಿದೆ. ಅದು ಇರುವಲ್ಲಿ ಗೋಚರತೆ ನೂರಾರು ಮೀಟರಿಗೆ ಇಳಿದರೂ ವಿಮಾನ ಇಳಿಯಬಲ್ಲದು. ಇಲ್ಲದಿರುವಲ್ಲಿ ಹಲವು ಕಿಲೋಮೀಟರು ದೂರದವರೆಗೆ ಸ್ಪಷ್ಟವಾಗಿ ಕಾಣಬೇಕಾಗುತ್ತದೆ. ನಿಗದಿತ ಎತ್ತರಕ್ಕೆ ಇಳಿದರೂ ರನ್‌ವೇ ಕಾಣದಿದ್ದರೆ ಪೈಲಟ್ ಮತ್ತೆ ಮೇಲೇರಲೇಬೇಕು. ಒಂದೆರಡು ಸುತ್ತು ಹಾಕಿ ನೋಡಬಹುದು, ಆಮೇಲೆ ಬೇರೆ ಊರಿಗೆ ತಿರುಗಿಸುವುದೊಂದೇ ದಾರಿ. ಸೋಗಾನೆಯ ನಿಲ್ದಾಣ ಉದ್ಘಾಟನೆಯಾದಾಗ ಅಲ್ಲಿ ಐಎಲ್‌ಎಸ್ ಇರಲಿಲ್ಲ, ರಾತ್ರಿ ಇಳಿಯುವ ಸೌಲಭ್ಯವೂ ಇರಲಿಲ್ಲ. ಮಲೆನಾಡಿನ ಅಂಚಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಳಮಟ್ಟದ ಮೋಡವೂ ಚಳಿಗಾಲದ ಬೆಳಗಿನಲ್ಲಿ ಮಂಜೂ ಇರುವ ಊರಿನಲ್ಲಿ ಇದರ ಪರಿಣಾಮವೇನೆಂದು ಊಹಿಸಲು ಪರಿಣತಿ ಬೇಕಿರಲಿಲ್ಲ. ಹವಾಮಾನದ ಕಾರಣಕ್ಕೆ ವಿಮಾನ ತಡವಾದ, ರದ್ದಾದ, ಇಳಿಯಲಾಗದೆ ಹಿಂದಿರುಗಿದ ಸುದ್ದಿಗಳು ಮೊದಲ ವರ್ಷದಿಂದಲೇ ಜಿಲ್ಲಾ ಪುಟಗಳಲ್ಲಿ ಕಾಣಿಸಿಕೊಂಡವು.

ಇದನ್ನು ಕೇವಲ ತಾಂತ್ರಿಕ ಕೊರತೆಯೆಂದು ನೋಡಿದರೆ ವಿಷಯದ ಅರ್ಧ ಮಾತ್ರ ಕಾಣುತ್ತದೆ. ಪ್ರಾದೇಶಿಕ ವಿಮಾನ ಸೇವೆಯ ಲೆಕ್ಕಾಚಾರ ನಿಂತಿರುವುದೇ ಒಂದು ವಿಮಾನವನ್ನು ಬೆಳಗಿನಿಂದ ರಾತ್ರಿಯವರೆಗೆ ಒಂದರ ಹಿಂದೊಂದು ಊರಿಗೆ ಓಡಿಸುವುದರ ಮೇಲೆ. ಬೆಳಿಗ್ಗೆ ಶಿವಮೊಗ್ಗದಲ್ಲಿ ಇಳಿಯಲಾಗದೆ ತಿರುಗಿದ ವಿಮಾನ ಆ ದಿನ ಮಧ್ಯಾಹ್ನ ಹೋಗಬೇಕಿದ್ದ ಇನ್ನೆರಡು ಊರುಗಳ ವೇಳೆಯನ್ನೂ ಕೆಡಿಸುತ್ತದೆ. ಸುಟ್ಟ ಇಂಧನ ವ್ಯರ್ಥ, ಪ್ರಯಾಣಿಕರಿಗೆ ಹಣ ವಾಪಸ್, ಸಿಬ್ಬಂದಿಯ ಕೆಲಸದ ಅವಧಿ ಮುಗಿದರೆ ಬದಲಿ ಸಿಬ್ಬಂದಿ. ಇಂಥ ದಿನಗಳು ತಿಂಗಳಿಗೆ ನಾಲ್ಕಾರು ಬಂದರೆ ಯಾವ ಸಂಸ್ಥೆಯ ವ್ಯವಸ್ಥಾಪಕನಾದರೂ ಆ ಊರನ್ನು ಪಟ್ಟಿಯಿಂದ ಕೈಬಿಡುವ ಬಗ್ಗೆ ಯೋಚಿಸುತ್ತಾನೆ. ಪ್ರಯಾಣಿಕನ ಮನಸ್ಸೂ ಹಾಗೆಯೇ. ಮಗನ ಸಂದರ್ಶನಕ್ಕೋ ತಂದೆಯ ಶಸ್ತ್ರಚಿಕಿತ್ಸೆಗೋ ಬೆಂಗಳೂರಿಗೆ ಹೊರಟವರು ಒಮ್ಮೆ ವಿಮಾನ ರದ್ದಾಗಿ ಪರದಾಡಿದರೆ ಮುಂದಿನ ಬಾರಿ ರಾತ್ರಿ ಬಸ್ಸಿನ ಸ್ಲೀಪರ್ ಸೀಟನ್ನೇ ಕಾಯ್ದಿರಿಸುತ್ತಾರೆ. ಆಸನಗಳು ಖಾಲಿ ಉಳಿದಿದ್ದಕ್ಕೆ ಬೇಡಿಕೆಯೇ ಇಲ್ಲವೆಂಬ ಷರಾ ಕಡತದಲ್ಲಿ ಬೀಳುತ್ತದೆ. ಬೇಡಿಕೆ ಇಲ್ಲದ್ದು ವಿಮಾನಕ್ಕಲ್ಲ, ನೆಚ್ಚಲಾಗದ ವಿಮಾನಕ್ಕೆ ಎಂಬ ವ್ಯತ್ಯಾಸ ಅಂಕಿಅಂಶದಲ್ಲಿ ಕಾಣುವುದಿಲ್ಲ.

ಸೊರಬ, ಶಿಕಾರಿಪುರದ ಕಡೆಯಿಂದ ನೋಡಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಗುಡವಿಯಿಂದ ಸೋಗಾನೆಗೆ ರಸ್ತೆಯಲ್ಲಿ ನೂರು ಕಿಲೋಮೀಟರಿಗೂ ಮಿಕ್ಕಿದ ದೂರ. ಹುಬ್ಬಳ್ಳಿಯೂ ಹೆಚ್ಚುಕಡಿಮೆ ಅಷ್ಟೇ ದೂರವಿದೆ. ಸೊರಬದಲ್ಲಿ ಮನೆಬಿಟ್ಟು ಸೋಗಾನೆ ತಲುಪಲು ಎರಡು ಗಂಟೆಗೂ ಹೆಚ್ಚು, ವಿಮಾನಕ್ಕೆ ಒಂದು ಗಂಟೆ ಮುಂಚಿತವಾಗಿ ಹಾಜರಿ, ಒಂದು ಗಂಟೆ ಹಾರಾಟ, ದೇವನಹಳ್ಳಿಯಿಂದ ಬನಶಂಕರಿಗೋ ಜಯನಗರಕ್ಕೋ ಇನ್ನೆರಡು ಗಂಟೆ. ಒಟ್ಟು ಆರು ಗಂಟೆ ಆಯಿತು, ಅದೂ ಹಗಲಿನ ದುಡಿಮೆಯ ಹೊತ್ತು. ರಾತ್ರಿ ಬಸ್ಸು ಹಿಡಿದರೆ ಎಂಟು ಗಂಟೆಯಾದರೂ ಅದು ನಿದ್ದೆಯ ಹೊತ್ತು. ಶಿವಮೊಗ್ಗ ನಗರದವರಿಗೆ, ಭದ್ರಾವತಿಯವರಿಗೆ ವಿಮಾನ ನಿಜಕ್ಕೂ ಸಮಯ ಉಳಿಸುತ್ತದೆ. ಬೆಂಗಳೂರಿನಲ್ಲಿ ಇಳಿದು ದೆಹಲಿಗೋ ದುಬೈಗೋ ವಿಮಾನ ಬದಲಿಸುವವರಿಗೆ ಇನ್ನೂ ಹೆಚ್ಚು. ಆದರೆ ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಿಗೆ ಉಳಿತಾಯ ಎಷ್ಟು ಎಂಬುದು ರನ್‌ವೇಯ ಉದ್ದದ ಮೇಲಲ್ಲ, ವಿಮಾನದ ವೇಳೆ ಮತ್ತು ನಿಲ್ದಾಣದ ಹೊರಗಿನ ಬಸ್ಸಿನ ಮೇಲೆ ನಿಂತಿದೆ. ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಸಂಜೆ ಮರಳುವಂತಿದ್ದರೆ ವಿಮಾನಕ್ಕೆ ಅರ್ಥವಿದೆ. ಮಧ್ಯಾಹ್ನ ಹೋಗಿ ಮರುದಿನ ಮಧ್ಯಾಹ್ನ ಮರಳುವುದಾದರೆ ಬೆಂಗಳೂರಿನ ಹೋಟೆಲ್ ಖರ್ಚೂ ಸೇರಿಕೊಳ್ಳುತ್ತದೆ. ಸಂಜೆಯ ವಿಮಾನಕ್ಕೆ ರಾತ್ರಿ ಇಳಿಯುವ ದೀಪಗಳು ಬೇಕು ಎಂಬುದನ್ನು ಮತ್ತೆ ಹೇಳಬೇಕಾಗಿಲ್ಲ.

ಸರಕು ಸಾಗಣೆಯ ಬಗ್ಗೆಯೂ ಒಂದು ಮಾತು. ವಿಮಾನ ನಿಲ್ದಾಣ ಬಂದರೆ ಮಲೆನಾಡಿನ ರೈತನ ಬೆಳೆ ನೇರವಾಗಿ ದೂರದ ಮಾರುಕಟ್ಟೆ ಸೇರುತ್ತದೆ ಎಂದು ವೇದಿಕೆಗಳ ಮೇಲೆ ಹೇಳುವುದುಂಟು. ಇಲ್ಲಿಯ ಬೆಳೆಗಳೇನು? ಅಡಿಕೆ, ಭತ್ತ, ಮುಸುಕಿನ ಜೋಳ, ಶುಂಠಿ, ಸೊರಬ ಮತ್ತು ಬನವಾಸಿ ಸೀಮೆಯ ಅನಾನಸ್. ಅಡಿಕೆ ವರ್ಷವಿಟ್ಟರೂ ಕೆಡದ ಮಾಲು. ಜೋಳಕ್ಕೆ ವಿಮಾನದ ಬಾಡಿಗೆ ಕೊಟ್ಟರೆ ಬೆಳೆಗಾರನ ಕೈಗೆ ಉಳಿಯುವುದು ಖಾಲಿ ಚೀಲ. ಬೇಗ ಕೆಡುವ ಅನಾನಸ್ ಕೂಡ ಲಾರಿಯಲ್ಲೇ ಉತ್ತರ ಭಾರತದ ಮಂಡಿಗಳಿಗೆ ಹೋಗುತ್ತದೆ. ಅದರ ತೂಕಕ್ಕೂ ಬೆಲೆಗೂ ಇರುವ ಅನುಪಾತ ವಿಮಾನಕ್ಕೆ ಒಗ್ಗುವಂಥದ್ದಲ್ಲ. ತೂಕ ಕಡಿಮೆ, ಬೆಲೆ ಹೆಚ್ಚು, ಆಯುಷ್ಯ ಅಲ್ಪ ಎಂಬ ಮೂರೂ ಗುಣ ಕೂಡಿದ ಹೂವು, ಔಷಧಿಗಳಂಥ ಸರಕಿಗೆ ಮಾತ್ರ ಆಕಾಶಮಾರ್ಗ ಲಾಭದಾಯಕ. ಎಟಿಆರ್ ವಿಮಾನದ ಹೊಟ್ಟೆಯಲ್ಲಿ ಪ್ರಯಾಣಿಕರ ಪೆಟ್ಟಿಗೆಗಳನ್ನು ಇಟ್ಟ ಮೇಲೆ ಉಳಿಯುವ ಜಾಗವೂ ಅಷ್ಟಕ್ಕಷ್ಟೆ. ರೈತನ ಹೆಸರಿನಲ್ಲಿ ವಿಮಾನ ನಿಲ್ದಾಣವನ್ನು ಸಮರ್ಥಿಸುವವರು ಶಿರಾಳಕೊಪ್ಪದಲ್ಲೋ ಆನವಟ್ಟಿಯಲ್ಲೋ ಶುಂಠಿ ತೊಳೆದು ಒಣಗಿಸುವ ಘಟಕದ ಬಗ್ಗೆ ಮಾತನಾಡಿದರೆ ಹೆಚ್ಚು ಪ್ರಯೋಜನವಾದೀತು.

ಹಾಗಾದರೆ ಇಂಥ ನಿಲ್ದಾಣಗಳು ವ್ಯರ್ಥವೇ? ಹಾಗೆಂದು ತೀರ್ಪು ಕೊಡುವ ಮುನ್ನ ರಾಜ್ಯದ ಇತರ ಊರುಗಳ ಅನುಭವವನ್ನು ನೋಡುವುದು ಒಳಿತು. ಏಕೆಂದರೆ ಶಿವಮೊಗ್ಗದ ಸಮಸ್ಯೆ ಶಿವಮೊಗ್ಗದ್ದು ಮಾತ್ರವಲ್ಲ.

ಮೈಸೂರಿಗೆ 2010ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ವಿಮಾನ ಬಂದಾಗ ಸಂಭ್ರಮವೋ ಸಂಭ್ರಮ. ವರ್ಷ ಕಳೆಯುತ್ತಲೇ ಸೇವೆ ನಿಂತಿತು, ಸಂಸ್ಥೆಯೂ ಮುಳುಗಿತು. ಆಮೇಲೆ ಬಂದ ಸೇವೆಗಳೂ ಬಿಟ್ಟುಬಿಟ್ಟು ನಡೆದವು. ಬೆಳಗಾವಿಯ ಸಾಂಬ್ರಾದಲ್ಲಿ 2017ರಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ಮರುವರ್ಷವೇ ಸ್ಪೈಸ್‌ಜೆಟ್ ಅಲ್ಲಿಂದ ಕಾಲ್ತೆಗೆದು ಪಕ್ಕದ ಹುಬ್ಬಳ್ಳಿಗೆ ಹೋಯಿತು. ಕಾರಣ ಸರಳ: ಹುಬ್ಬಳ್ಳಿಗೆ ಕೇಂದ್ರದ ಉಡಾನ್ ಯೋಜನೆಯ ಸಹಾಯಧನವಿತ್ತು, ಬೆಳಗಾವಿಗೆ ಇರಲಿಲ್ಲ. ಬೆಳಗಾವಿಯ ಜನ ಹೋರಾಡಿ ಯೋಜನೆಯ ಮುಂದಿನ ಸುತ್ತಿನಲ್ಲಿ ತಮ್ಮ ಊರನ್ನೂ ಸೇರಿಸಿದ ಮೇಲೆ ವಿಮಾನಗಳು ಮರಳಿದವು. ನೂರು ಕಿಲೋಮೀಟರಿನಷ್ಟೂ ಅಂತರವಿಲ್ಲದ ಎರಡು ಊರುಗಳ ನಡುವೆ ಪ್ರಯಾಣಿಕರಿಗಿಂತ ಮೊದಲು ಸಹಾಯಧನ ಓಡಾಡಿದ ಕಥೆ ಇದು.

ಬೀದರ್‌ನದು ಇನ್ನೂ ಬೋಧಪ್ರದ. 2020ರ ಫೆಬ್ರುವರಿ 7ರಂದು ಅಲ್ಲಿಂದ ಟ್ರೂಜೆಟ್ ಹಾರಿತು. ಎರಡು ವರ್ಷದಲ್ಲಿ ಆ ಸಂಸ್ಥೆಯೇ ಬಾಗಿಲು ಹಾಕಿತು. 2022ರಲ್ಲಿ ಸ್ಟಾರ್ ಏರ್ ಬಂದಿತು, 2023ರ ಕೊನೆಗೆ ಅದೂ ನಿಂತಿತು. ಟರ್ಮಿನಲ್ ಇತ್ತು, ಭದ್ರತಾ ಸಿಬ್ಬಂದಿ ಇದ್ದರು, ವಿಮಾನ ಇರಲಿಲ್ಲ. ನಷ್ಟವನ್ನು ತಾನೇ ತುಂಬಿಕೊಡಲು ರಾಜ್ಯ ಸರ್ಕಾರ ಒಪ್ಪಿದ ಮೇಲೆ 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸೇವೆ ಪುನರಾರಂಭವಾಯಿತು. ರಸ್ತೆಯಲ್ಲಾಗಲಿ ರೈಲಿನಲ್ಲಾಗಲಿ ಬೆಂಗಳೂರು ತಲುಪಲು ಇಡೀ ರಾತ್ರಿ ಬೇಕಾಗುವ ಬೀದರ್‌ಗೆ ವಿಮಾನ ಐಷಾರಾಮವಲ್ಲ. ಅಲ್ಲಿಗೆ ಸಹಾಯಧನ ಕೊಡುವುದನ್ನು ಆಕ್ಷೇಪಿಸಲಾಗದು. ಆದರೆ ಆ ನಿರ್ಧಾರಕ್ಕೆ ಬರಲು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು ಎಂಬುದೇ ನಮ್ಮ ಯೋಜನೆಗಳಲ್ಲಿ ನಿಲ್ದಾಣ ಕಟ್ಟುವ ಹಣಕ್ಕೆ ಇರುವ ಸ್ಥಾನ ನಡೆಸುವ ಹಣಕ್ಕೆ ಇಲ್ಲ ಎಂಬುದನ್ನು ತೋರಿಸುತ್ತದೆ.

ಉಡಾನ್ ಯೋಜನೆಯ ರಚನೆಯನ್ನೇ ಗಮನಿಸಿ. 2016ರಲ್ಲಿ ಪ್ರಕಟವಾಗಿ 2017ರ ಏಪ್ರಿಲ್‌ನಲ್ಲಿ ಶಿಮ್ಲಾ-ದೆಹಲಿ ಹಾರಾಟದೊಂದಿಗೆ ಆರಂಭವಾದ ಈ ಯೋಜನೆಯಲ್ಲಿ, ಕಡಿಮೆ ಸಹಾಯಧನ ಕೇಳಿದ ಸಂಸ್ಥೆಗೆ ಮಾರ್ಗ ಸಿಗುತ್ತದೆ. ಅದು ಅರ್ಧದಷ್ಟು ಆಸನಗಳನ್ನು ಮಿತಿಗೊಳಿಸಿದ ದರದಲ್ಲಿ ಕೊಡಬೇಕು. ಆಗುವ ಕೊರತೆಯನ್ನು ಮೂರು ವರ್ಷ ಸರ್ಕಾರ ತುಂಬುತ್ತದೆ. ನಮ್ಮಂಥ ರಾಜ್ಯಗಳ ಪಾಲು ಅದರಲ್ಲಿ ಶೇ 20. ಉಳಿದದ್ದು ಬರುವುದು ಪ್ರಮುಖ ಮಾರ್ಗಗಳ ವಿಮಾನಗಳ ಮೇಲೆ ಹಾಕಿದ ಲೆವಿಯಿಂದ, ಅಂದರೆ ಬೆಂಗಳೂರಿನಿಂದ ದೆಹಲಿಗೋ ಮುಂಬೈಗೋ ಹೋಗುವವರ ಟಿಕೆಟ್ ಹಣದಿಂದ. ಮೂರು ವರ್ಷದಲ್ಲಿ ಮಾರ್ಗ ತನ್ನ ಕಾಲ ಮೇಲೆ ನಿಲ್ಲುತ್ತದೆ ಎಂಬುದು ನಿರೀಕ್ಷೆ. 2023ರಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಮಹಾಲೇಖಪಾಲರ ವರದಿ ಈ ನಿರೀಕ್ಷೆಯ ಗತಿಯನ್ನು ದಾಖಲಿಸಿದೆ. ಹಂಚಿಕೆಯಾದ 774 ಮಾರ್ಗಗಳಲ್ಲಿ 403 ಆರಂಭವಾಗಲೇ ಇಲ್ಲ. ಆರಂಭವಾದ 371ರಲ್ಲಿ ಮೂರು ವರ್ಷದ ಪೂರ್ಣ ಅವಧಿ ಮುಗಿಸಿದ್ದು 112 ಮಾತ್ರ. ಅವಧಿ ಮುಗಿದ ಮೇಲೂ, 2023ರ ಮಾರ್ಚ್ ಹೊತ್ತಿಗೆ, ಉಳಿದುಕೊಂಡವು 54. ಹಂಚಿದ ಒಟ್ಟು ಮಾರ್ಗಗಳಲ್ಲಿ ಇದು ಶೇ 7.

2014ರಲ್ಲಿ ದೇಶದಲ್ಲಿ 74 ಇದ್ದ ವಿಮಾನ ನಿಲ್ದಾಣಗಳು ದಶಕದಲ್ಲಿ ಎರಡು ಪಟ್ಟಾದವು ಎಂದು ಕೇಂದ್ರ ಸರ್ಕಾರ ಹೇಳಿಕೊಳ್ಳುವಾಗ ಮೇಲಿನ ಅಂಕಿಗಳನ್ನೂ ಪಕ್ಕದಲ್ಲಿಟ್ಟು ಓದಬೇಕು.

ಶಿವಮೊಗ್ಗಕ್ಕೆ ಇನ್ನೊಂದು ವಿಶೇಷವಿದೆ. ಮಂಗಳೂರನ್ನು ಅದಾನಿ ಸಮೂಹ ನಡೆಸುತ್ತದೆ. ಹುಬ್ಬಳ್ಳಿ, ಬೆಳಗಾವಿ, ಮೈಸೂರು, ಕಲಬುರಗಿಗಳನ್ನು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ನೋಡಿಕೊಳ್ಳುತ್ತದೆ. ಪ್ರಾಧಿಕಾರಕ್ಕೆ ಚೆನ್ನೈ, ಕೋಲ್ಕತ್ತದಂಥ ದೊಡ್ಡ ನಿಲ್ದಾಣಗಳ ಆದಾಯವಿರುವುದರಿಂದ ಸಣ್ಣವುಗಳ ನಷ್ಟವನ್ನು ತಾಳಿಕೊಳ್ಳಬಲ್ಲದು. ಶಿವಮೊಗ್ಗ ಮಾತ್ರ ರಾಜ್ಯ ಸರ್ಕಾರದ ಕೈಗಾರಿಕಾ ಮೂಲಸೌಕರ್ಯ ಅಭಿವೃದ್ಧಿ ನಿಗಮವೇ ನಡೆಸಲು ವಹಿಸಿಕೊಂಡ ಮೊದಲ ನಿಲ್ದಾಣ. ಇದು ದಿಟ್ಟ ನಿರ್ಧಾರ, ಮೆಚ್ಚತಕ್ಕದ್ದು. ಆದರೆ ದಿನಕ್ಕೆ ಒಂದು ವಿಮಾನ ಬಂದರೂ ಹತ್ತು ಬಂದರೂ ಅಗ್ನಿಶಾಮಕ ದಳ ಇರಬೇಕು, ಸಂಚಾರ ನಿಯಂತ್ರಣ ಗೋಪುರದಲ್ಲಿ ಸಿಬ್ಬಂದಿ ಇರಬೇಕು, ಭದ್ರತೆ ಇರಬೇಕು, ಪರವಾನಗಿ ನವೀಕರಣಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಎಲ್ಲ ಷರತ್ತು ಪಾಲಿಸಬೇಕು. ಈ ಖರ್ಚು ಹಂಚಿಕೊಳ್ಳಲು ನಿಗಮಕ್ಕೆ ಬೇರೆ ದೊಡ್ಡ ನಿಲ್ದಾಣವಿಲ್ಲ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಅದಕ್ಕೆ ಶೇ 13ರಷ್ಟು ಪಾಲಿದೆ. 2024-25ರಲ್ಲಿ ನಾಲ್ಕು ಕೋಟಿಗೂ ಹೆಚ್ಚು ಪ್ರಯಾಣಿಕರನ್ನು ಕಂಡ ಆ ನಿಲ್ದಾಣದಿಂದ ಸರ್ಕಾರದ ಪಾಲಿಗೆ ಬರುವ ಆದಾಯವನ್ನು ಜಿಲ್ಲಾ ನಿಲ್ದಾಣಗಳ ನಿಧಿಗೆ ಮೀಸಲಿಡುವ ಯೋಚನೆ ಅವಾಸ್ತವವೇನಲ್ಲ.

ಒಂದು ಒರಟು ಲೆಕ್ಕ ಹಾಕಿ ನೋಡಬಹುದು. 450 ಕೋಟಿಗೆ ವರ್ಷಕ್ಕೆ ಶೇ 7ರಂತೆ ಬಡ್ಡಿ ಹಿಡಿದರೆ 31.5 ಕೋಟಿ ರೂಪಾಯಿ. ದಿನಕ್ಕೆ ಒಂದೇ ವಿಮಾನ, 75 ಆಸನ, ಹೋಗುವಾಗಲೂ ಬರುವಾಗಲೂ ಪೂರ್ತಿ ಭರ್ತಿ ಎಂದುಕೊಂಡರೆ ವರ್ಷಕ್ಕೆ 54,750 ಪ್ರಯಾಣಿಕರು. ಅಂದರೆ ತಲಾ 5,700 ರೂಪಾಯಿಗೂ ಹೆಚ್ಚು. ಇದು ಬಂಡವಾಳದ ಬಡ್ಡಿ ಮಾತ್ರ, ನಿರ್ವಹಣೆಯ ವೆಚ್ಚ ಬೇರೆ. ಅದೇ ದಿನಕ್ಕೆ ನಾಲ್ಕು ವಿಮಾನ ಬಂದು ಹೋದರೆ ತಲಾ ಹೊರೆ 1,400ರ ಆಸುಪಾಸಿಗೆ ಇಳಿಯುತ್ತದೆ. ಕಟ್ಟಿದ್ದಾಯಿತು, ಹಣ ಹೋಯಿತು. ಇನ್ನು ಆ ಹಣಕ್ಕೆ ಬೆಲೆ ಬರುವುದು ಹಾರಾಟಗಳ ಸಂಖ್ಯೆ ಹೆಚ್ಚಿದಾಗ ಮಾತ್ರ. ಹಾಗಾಗಿ ಐಎಲ್‌ಎಸ್, ರಾತ್ರಿ ದೀಪ, ಹವಾಮಾನ ಉಪಕರಣಗಳಿಗೆ ಹಾಕುವ ಹಣ ಮೊದಲು ಹಾಕಿದ ಬಂಡವಾಳವನ್ನು ಉಳಿಸಿಕೊಳ್ಳುವ ಖರ್ಚೇ ಹೊರತು ಹೊಸ ದುಂದಲ್ಲ.

ಗುಡವಿಗೆ ಮರಳಿದರೆ, ಅಲ್ಲಿಗೂ ಇದೇ ತರ್ಕ ಅನ್ವಯಿಸುತ್ತದೆ. ಸೋಗಾನೆಯ ನಿಲ್ದಾಣ ವ್ಯಾಪಿಸಿರುವುದು ಸುಮಾರು 775 ಎಕರೆ, ಇಡೀ ಪಕ್ಷಿಧಾಮದ ನಾಲ್ಕು ಪಟ್ಟಿಗೂ ಹೆಚ್ಚು. ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಹಕ್ಕಿ ನೋಡಲು ಹಾರಿಬಂದವರು ಸೋಗಾನೆಯಿಂದ ಹೊರಬಿದ್ದ ಮೇಲೆ ಸಿಗಬೇಕಾದ್ದು ವಿಮಾನದ ವೇಳೆಗೆ ಹೊಂದಿದ ಬಸ್ಸು, ಸೊರಬದಲ್ಲಿ ತಂಗಲು ಸುಮಾರಾದ ಜಾಗ, ಕೆರೆಯ ದಂಡೆಯಲ್ಲಿ ಹಕ್ಕಿಗಳನ್ನು ಗುರುತಿಸಿ ಹೇಳಬಲ್ಲ ಊರಿನದೇ ಹುಡುಗರು. ಎಲ್ಲಕ್ಕಿಂತ ಮೊದಲು ಕೆರೆಯಲ್ಲಿ ನೀರಿರಬೇಕು. ಮಳೆ ಕೈಕೊಟ್ಟ ವರ್ಷ ಕೆರೆ ಬೇಗ ಬತ್ತಿದರೆ ಹಕ್ಕಿಗಳು ಬರುವುದೇ ಇಲ್ಲ, ಬಂದರೂ ನಿಲ್ಲುವುದಿಲ್ಲ. ಹೂಳು, ಕಳೆ, ಜಲಾನಯನದ ಕಾಲುವೆಗಳ ಸ್ಥಿತಿಗತಿ ನೋಡಿಕೊಳ್ಳುವ ಅರಣ್ಯ ಇಲಾಖೆಯ ವಾರ್ಷಿಕ ಅನುದಾನ ರನ್‌ವೇಯ ಕೆಲವು ಮೀಟರುಗಳ ವೆಚ್ಚಕ್ಕೂ ಸಮನಾಗಲಾರದು. ಪ್ರವಾಸೋದ್ಯಮದ ಹೆಸರಿನಲ್ಲಿ ನಿಲ್ದಾಣ ಕಟ್ಟಿ, ಪ್ರವಾಸಿ ನೋಡಬೇಕಾದ ಸ್ಥಳವನ್ನು ಮರೆತರೆ ವಿಮಾನದಲ್ಲಿ ಬಂದವರನ್ನು ಕರೆದೊಯ್ಯುವುದೆಲ್ಲಿಗೆ?

ಮಲೆನಾಡಿಗೆ ದೊಡ್ಡ ಯೋಜನೆಗಳ ಅನುಭವ ಹೊಸದಲ್ಲ. ಅರವತ್ತರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ತಾವು ಉಳುವ ಜಮೀನಿನ ಹಕ್ಕುಪತ್ರಕ್ಕಾಗಿ ಅಲೆಯುತ್ತಲೇ ಇದ್ದಾರೆ. ನಾಡಿಗೆಲ್ಲ ಬೆಳಕು ಕೊಟ್ಟ ಯೋಜನೆಯ ಬೆನ್ನಿಗೆ ಉಳಿದ ಕತ್ತಲು ಅದು. ಯೋಜನೆ ಉದ್ಘಾಟನೆಯಾದ ದಿನವೇ ಅದರ ಕಡತ ಮುಚ್ಚಿತು ಎಂದುಕೊಳ್ಳುವ ಆಡಳಿತದ ಅಭ್ಯಾಸವನ್ನು ಈ ಜಿಲ್ಲೆ ಅರವತ್ತು ವರ್ಷಗಳಿಂದ ನೋಡಿದೆ. ಸೋಗಾನೆಯಲ್ಲಿ ಭೂಮಿ ಬಿಟ್ಟುಕೊಟ್ಟವರಿಗೆ ಕೊಟ್ಟ ಮಾತುಗಳೂ ಹಾಗೆ ಮುಚ್ಚಿದ ಕಡತದೊಳಗೆ ಸೇರಬಾರದು.

ಹೊಸ ನಿಲ್ದಾಣಗಳ ಸಾಲು ಇನ್ನೂ ಉದ್ದವಿದೆ. ವಿಜಯಪುರದಲ್ಲಿ 2021ರಲ್ಲಿ ಎಟಿಆರ್‌ಗೆಂದು ಆರಂಭವಾದ ಕಾಮಗಾರಿ ಶಿವಮೊಗ್ಗದ ಹಾದಿಯಲ್ಲೇ ಏರ್‌ಬಸ್ ಗಾತ್ರಕ್ಕೆ ಹಿಗ್ಗಿತು. ಹಾಸನದ ಭುವನಹಳ್ಳಿ, ರಾಯಚೂರಿನ ಯರಮರಸ್ ಕಾದಿವೆ. ಬೆಂಗಳೂರಿಗೇ ಎರಡನೆಯ ನಿಲ್ದಾಣ ಬೇಕೆಂದು ಕನಕಪುರ ರಸ್ತೆ ಮತ್ತು ಕುಣಿಗಲ್ ರಸ್ತೆಯ ಜಾಗಗಳನ್ನು 2025ರಲ್ಲಿ ಪ್ರಾಧಿಕಾರದ ತಂಡ ನೋಡಿ ಹೋಯಿತು. ದೇವನಹಳ್ಳಿಯ ಒಪ್ಪಂದದ ಪ್ರಕಾರ 2033ರವರೆಗೆ 150 ಕಿಲೋಮೀಟರು ವ್ಯಾಪ್ತಿಯಲ್ಲಿ ಮೈಸೂರು, ಹಾಸನ ಬಿಟ್ಟು ಬೇರೆ ನಿಲ್ದಾಣಕ್ಕೆ ಅವಕಾಶವಿಲ್ಲವಾದರೂ, ಪಕ್ಕದ ಹೊಸೂರಿನಲ್ಲಿ ತಮಿಳುನಾಡು 2,000 ಎಕರೆಯ ನಿಲ್ದಾಣ ಘೋಷಿಸಿದ ಮೇಲೆ ಇಲ್ಲಿಯ ಆತುರ ಹೆಚ್ಚಿದೆ. ಬೆಂಗಳೂರಿನ ವಿಷಯ ಬೇರೆ, ಅಲ್ಲಿ ಪ್ರಯಾಣಿಕರಿದ್ದಾರೆ, ಹೂಡಿಕೆದಾರರೂ ಇದ್ದಾರೆ. ಜಿಲ್ಲಾ ನಿಲ್ದಾಣಗಳ ವಿಷಯದಲ್ಲಿ ಮಾತ್ರ ಖಾಲಿ ಆಸನದ ಹೊರೆ ಕೊನೆಗೆ ಬೀಳುವುದು ರಾಜ್ಯದ ಬೊಕ್ಕಸದ ಮೇಲೆ.

ವಿಧಾನಮಂಡಲ ಕೇಳಬೇಕಾದ ಲೆಕ್ಕ ಕಷ್ಟದ್ದಲ್ಲ. ರಾಜ್ಯದ ಪ್ರತಿ ನಿಲ್ದಾಣದಲ್ಲಿ ವರ್ಷಕ್ಕೆ ಎಷ್ಟು ಹಾರಾಟ ನಿಗದಿಯಾಗಿತ್ತು, ಎಷ್ಟು ನಡೆಯಿತು, ಹವಾಮಾನದ ಕಾರಣಕ್ಕೆ ರದ್ದಾದವೆಷ್ಟು, ಪ್ರತಿ ಪ್ರಯಾಣಿಕನಿಗೆ ಸರ್ಕಾರ ಕೊಟ್ಟ ಸಹಾಯಧನವೆಷ್ಟು ಎಂಬ ನಾಲ್ಕು ಅಂಕಿಗಳನ್ನು ಪ್ರತಿವರ್ಷ ಬಜೆಟ್ ಅಧಿವೇಶನದಲ್ಲಿ ಮಂಡಿಸಿದರೆ ಸಾಕು. ವಿಜಯಪುರ, ಹಾಸನ, ರಾಯಚೂರುಗಳ ಉದ್ಘಾಟನೆಯ ದಿನಾಂಕ ಗೊತ್ತುಮಾಡುವ ಮುನ್ನ ಆ ಅಂಕಿಗಳ ಜೊತೆಗೆ ಇನ್ನೊಂದು ಕಾಗದವೂ ಸದನದ ಮುಂದೆ ಬರಲಿ: ಉಡಾನ್‌ನ ಮೂರು ವರ್ಷ ಮುಗಿದ ಮೇಲೆ, ನಾಲ್ಕನೆಯ ವರ್ಷದ ಕೊರತೆಯನ್ನು ತುಂಬುವವರು ಯಾರು, ಯಾವ ಇಲಾಖೆಯ ಯಾವ ಲೆಕ್ಕ ಶೀರ್ಷಿಕೆಯಿಂದ ಎಂಬುದಕ್ಕೆ ಹಣಕಾಸು ಇಲಾಖೆ ಸಹಿ ಹಾಕಿದ ಒಪ್ಪಿಗೆ.